ಸವೆದ ಟಯರನ್ನು ಅಳೆಯುವವರು ಯಾರು?

ಮಳೆಗಾಲದಲ್ಲಿ ಅಪಘಾತ ಸಂಭವಿಸಿದಾಗಲೆಲ್ಲ ಚಾಲಕನ ಅತಿವೇಗ, ರಸ್ತೆಯ ಕಳಪೆ ಕಾಮಗಾರಿ ಚರ್ಚೆಗೆ ಬರುತ್ತವೆ. ರಸ್ತೆಗೂ ವಾಹನಕ್ಕೂ ಇರುವ ಏಕೈಕ ಕೊಂಡಿಯಾದ ಟಯರಿನ ಪ್ರಸ್ತಾಪವಾಗುವುದು ಅಪರೂಪ.

ಟಯರಿನ ಮೇಲಿನ ಗೆರೆಗಳೇ, ಅಂದರೆ ಗ್ಯಾರೇಜಿನವರು ಹೇಳುವ ‘ಬಟನ್’, ಹಿಡಿತ ನೀಡುತ್ತವೆಂಬ ನಂಬಿಕೆ ಅರ್ಧಸತ್ಯ. ಒಣ ಡಾಂಬರಿನ ಮೇಲೆ ನುಣುಪು ಟಯರಿಗೇ ಹಿಡಿತ ಹೆಚ್ಚು. ಅಷ್ಟು ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೆ. ಫಾರ್ಮುಲಾ ಒನ್ ಕಾರುಗಳ ವೇಗ ತಗ್ಗಿಸಲೆಂದೇ 1998ರಿಂದ 2008ರವರೆಗೆ ಗೆರೆಯುಳ್ಳ ಟಯರುಗಳನ್ನು ಕಡ್ಡಾಯಗೊಳಿಸಲಾಗಿತ್ತು. ಮಲೆನಾಡಿನ ಕೆಸರನ್ನು ಕಚ್ಚಿ ಹಿಡಿಯುವ ದಪ್ಪ ಬಟನ್‌ನ ಜೀಪು ಹೆದ್ದಾರಿಯಲ್ಲಿ ಅಷ್ಟು ಬಿಗಿಯಾಗಿ ನಿಲ್ಲದಿರುವುದಕ್ಕೂ ಇದೇ ಕಾರಣ. ಬೇಸಿಗೆಯಿಡೀ ಸವೆದ ಟಯರು ತನ್ನ ದೋಷವನ್ನು ತೋರಗೊಡುವುದಿಲ್ಲ.

ನೀರು ನಿಂತ ರಸ್ತೆಯ ಲೆಕ್ಕವೇ ಬೇರೆ. ಅಲ್ಲಿ ಗೆರೆಗಳು ಚರಂಡಿಗಳಂತೆ ನೀರನ್ನು ಹೊರಸಾಗಿಸಬೇಕು. ಅವು ಸವೆದಿದ್ದರೆ ಚಕ್ರದ ಮುಂದೆ ನೀರಿನ ಒತ್ತಡ ಬೆಳೆದು ಚಕ್ರವನ್ನೇ ಮೇಲೆತ್ತುತ್ತದೆ. ಸ್ಟೀರಿಂಗ್, ಬ್ರೇಕ್ ಎರಡೂ ನಿರುಪಯುಕ್ತ. 1960ರ ದಶಕದಲ್ಲಿ ವಿಮಾನದ ಚಕ್ರಗಳನ್ನು ಅಧ್ಯಯನ ಮಾಡಿದ ನಾಸಾ ಸಂಶೋಧಕರ ಸೂತ್ರದಂತೆ, ನೀರು ಗೆರೆಗಳ ಆಳವನ್ನು ಮೀರಿದ್ದರೆ 32 ಪಿಎಸ್‌ಐ ಗಾಳಿಯ ಟಯರು ಗಂಟೆಗೆ ಸುಮಾರು 94 ಕಿ.ಮೀ. ವೇಗದಲ್ಲಿ ತೇಲತೊಡಗುತ್ತದೆ. ಗಾಳಿ 24ಕ್ಕೆ ಇಳಿದಿದ್ದರೆ 82ರಲ್ಲೇ. ಬೆಂಗಳೂರು-ಮೈಸೂರು ಹೆದ್ದಾರಿಯ ವೇಗಮಿತಿ 100 ಎಂಬುದನ್ನು ಇಲ್ಲಿ ನೆನೆಯಬೇಕು. ಮಿತಿಯೊಳಗೇ ಇದ್ದೇನೆಂಬ ಸಮಾಧಾನ ಸವೆದ ಟಯರಿನ ಮಾಲೀಕನನ್ನು ಕಾಯುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಕಾರಿನ ಟಯರಿನ ಗೆರೆ ಕನಿಷ್ಠ 1.6 ಮಿ.ಮೀ. ಆಳವಿರಬೇಕು. ಮಳೆಗೆ ಅದೂ ಸಾಲದು, 3 ಮಿ.ಮೀ.ಗೆ ಇಳಿದಾಗಲೇ ಬದಲಿಸುವುದು ಲೇಸು. 2022ರ ತಿದ್ದುಪಡಿ ಒದ್ದೆ ರಸ್ತೆಯ ಹಿಡಿತಕ್ಕೂ ಮಾನದಂಡ ವಿಧಿಸಿತು. ಆದರೆ ಅದು ಕಾರ್ಖಾನೆಯಿಂದ ಹೊರಬೀಳುವ ಹೊಸ ಟಯರಿಗೆ. ಮೂರು ಮಳೆಗಾಲ ಕಂಡ ಟಯರನ್ನು ನೋಡುವವರಾರು? ಖಾಸಗಿ ಕಾರಿಗೆ ಮೊದಲ 15 ವರ್ಷ ಅರ್ಹತಾ ತಪಾಸಣೆಯೇ ಇಲ್ಲ. ಟ್ಯಾಕ್ಸಿ, ಲಾರಿಗಳಿಗೆ ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆ ಉಂಟು. ನಗರದ ಟ್ಯಾಕ್ಸಿಯ ಟಯರು ಅದಕ್ಕೆ ಮೊದಲೇ ಸವೆದಿರುತ್ತದೆ.

ಹೊಗೆ ತಪಾಸಣೆಗಾದರೋ ಬಹುತೇಕ ವಾಹನಗಳು ನಿಯತವಾಗಿ ಹೋಗಲೇಬೇಕು. ಅದೇ ಕೇಂದ್ರದಲ್ಲಿ ಗೆರೆಯ ಆಳವನ್ನೂ ಅಳೆದು ಪ್ರಮಾಣಪತ್ರದಲ್ಲಿ ನಮೂದಿಸುವಂತೆ ಸಾರಿಗೆ ಇಲಾಖೆ ಆದೇಶಿಸಬಹುದು. ಅದಕ್ಕೆ ಬೇಕಾದ ಮಾಪಕ ದುಬಾರಿಯೇನಲ್ಲ, ನಾಲ್ಕು ಚಕ್ರಕ್ಕೆ ಎರಡು ನಿಮಿಷ ಸಾಕು.