ಬ್ರೇಕ್ ಬೇಗ ಸವೆಯುವುದೇಕೆ?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಮುಧೋಳ, ಜಮಖಂಡಿ, ರಬಕವಿ-ಬನಹಟ್ಟಿ, ಬೀಳಗಿಯ ರಸ್ತೆಗಳಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳದೇ ಸಾಲು. ಅವುಗಳ ಹಿಂದೆ ಹೋಗುವ ಮಾರುತಿ ಓಮ್ನಿಯ ಚಾಲಕನಿಗೆ ಹೆಜ್ಜೆಹೆಜ್ಜೆಗೂ ಬ್ರೇಕ್ ಒತ್ತುವ ಕೆಲಸ. 2019ರಲ್ಲಿ ತಯಾರಿಕೆ ನಿಂತ ಈ ವ್ಯಾನು ಎಷ್ಟೋ ಮನೆಗಳಲ್ಲಿ ಇನ್ನೂ ದುಡಿಯುತ್ತಿದೆ.

ಓಡುವ ಗಾಡಿಯ ಚಲನಶಕ್ತಿಯನ್ನು ಬ್ರೇಕು ಶಾಖವಾಗಿ ಮಾರ್ಪಡಿಸುತ್ತದೆ. ವಿದ್ಯಾರ್ಥಿಗಳೇ, ಲೆಕ್ಕ ಹಾಕಿ ನೋಡಿ. ಈ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 30 ಕಿ.ಮೀ. ಬದಲು 60 ಕಿ.ಮೀ. ವೇಗದಿಂದ ನಿಲ್ಲಿಸುವಾಗ ಬ್ರೇಕಿನ ಕೆಲಸ ಎರಡು ಪಟ್ಟಲ್ಲ, ನಾಲ್ಕು ಪಟ್ಟು! ಮಿತಿಮೀರಿ ಜನರನ್ನು ತುಂಬಿದರೆ ಹೊರೆ ಇನ್ನಷ್ಟು.

ಎಡ-ಬಲ ಎರಡೂ ಕಡೆ ಸಮನಾಗಿ ಸವೆದಿದ್ದರೆ ಕಾರಣ ಬಹುಮಟ್ಟಿಗೆ ಓಡಿಸುವ ರೀತಿ ಇಲ್ಲವೆ ಭಾರ. ಒಂದೇ ಕಡೆ ಸವೆದಿದ್ದರೆ ಗಾಡಿಯಲ್ಲೇ ದೋಷವಿದೆ ಎನ್ನಿ. ದೂಳು, ತುಕ್ಕಿನಿಂದ ಕ್ಯಾಲಿಪರಿನ ಪಿನ್ನು ಬಿಗಿದುಕೊಂಡರೆ ಕಾಲು ತೆಗೆದರೂ ಪ್ಯಾಡು ಡಿಸ್ಕನ್ನು ಉಜ್ಜುತ್ತಲೇ ಇರುತ್ತದೆ. ಹಿಂದಿನ ಚಕ್ರಗಳಲ್ಲಿ ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿಯಾದರೂ ಇದೇ ಪಾಡು. ಅದನ್ನು ಸರಿಪಡಿಸದೆ ಹೊಸ ಪ್ಯಾಡು ಹಾಕಿಸಿದರೆ ಅದೂ ಬೇಗ ಸವೆಯುತ್ತದೆ. ಅತಿಯಾಗಿ ಕಾದ ಬ್ರೇಕು ಬೇಕಾದಾಗ ಹಿಡಿಯದೆಯೂ ಹೋಗಬಹುದು.

ಆದ್ದರಿಂದ ಪಾಲಕರೇ, ಬಿಚ್ಚಿದ ಹಳೆಯ ಪ್ಯಾಡುಗಳನ್ನು ತೋರಿಸಲು ಮೆಕ್ಯಾನಿಕ್‌ಗೆ ಹೇಳಿ. ಎಡ-ಬಲದವನ್ನು ಪಕ್ಕಪಕ್ಕ ಇಟ್ಟು ನೋಡಿ. ರಸ್ತೆಯಲ್ಲಿ ಮುಂದಿನ ಟ್ರೇಲರಿಗೆ ಸಾಕಷ್ಟು ಅಂತರ ಬಿಡಿ, ಆಕ್ಸಿಲರೇಟರಿನಿಂದ ಮೊದಲೇ ಕಾಲು ತೆಗೆಯಿರಿ. ಪ್ಯಾಡಿನ ಖರ್ಚು ಉಳಿದೀತು. ಅದಕ್ಕಿಂತ ಮಿಗಿಲಾಗಿ, ಹಿಂದಿನ ಸೀಟಿನಲ್ಲಿರುವ ಮಕ್ಕಳು ಸುರಕ್ಷಿತವಾಗಿ ಮನೆ ಸೇರುತ್ತಾರೆ.