ಸುಲಭ ಧಾತುಗಳ ರಸಾಯನವೂ ಶಾಲೆಯ ಪ್ರಯೋಗಶಾಲೆಯೂ

ಪ್ರೌಢಶಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟಿಗೆ ಚಿಟಿಕೆಯಷ್ಟು ಕಪ್ಪು ಪುಡಿ ಬೆರೆಸಿ, ಕಾಯಿಸಿ, ಆಮ್ಲಜನಕವನ್ನು ಪಡೆದ ನೆನಪು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಇದ್ದೀತು. ಆ ಪುಡಿಯೇ ಮ್ಯಾಂಗನೀಸ್ ಡೈಆಕ್ಸೈಡ್. ತಾನು ವ್ಯಯವಾಗದೆ ಕ್ರಿಯೆಯ ವೇಗವನ್ನು ಹೆಚ್ಚಿಸುವ ಇಂತಹ ವಸ್ತುವಿಗೆ ವೇಗವರ್ಧಕವೆಂದು ಹೆಸರು. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಮುಗಿದುಹೋಗುವ ಈ ಸಂಗತಿ ಇಂದು ಜಗತ್ತಿನ ರಸಾಯನ ವಿಜ್ಞಾನಿಗಳ ದೊಡ್ಡ ಚಿಂತೆಗಳಲ್ಲೊಂದು.

ಕಾರಣವಿಷ್ಟೆ. ವಾಹನಗಳ ಹೊಗೆಯನ್ನು ಶುದ್ಧಿಗೊಳಿಸುವಲ್ಲಿ, ನೀರನ್ನು ವಿಭಜಿಸಿ ಜಲಜನಕ ಪಡೆಯುವಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುವು ಪ್ಲಾಟಿನಂ ಮತ್ತು ಅದರ ಬಂಧುಗಳಾದ ವಿರಳ ಲೋಹಗಳು. ಭೂಮಿಯ ಹೊರಪದರದ ಒಂದು ಟನ್ ಶಿಲೆಯಲ್ಲಿ ಸರಾಸರಿ ಪ್ಲಾಟಿನಂ ಸುಮಾರು 5 ಮಿಲಿಗ್ರಾಂ. ಕಬ್ಬಿಣವಾದರೋ ಸುಮಾರು 50 ಕಿಲೋಗ್ರಾಂ. ಕೆಮ್ಮಣ್ಣುಗುಂಡಿಯ ಅದಿರು ದಶಕಗಳ ಕಾಲ ಭದ್ರಾವತಿಯ ಕುಲುಮೆಗಳಿಗೆ ಇಳಿದುಹೋದುದನ್ನು ಬಲ್ಲ ಕಡೂರು, ತರೀಕೆರೆಯ ಜನರಿಗೆ ಈ ಅಂತರವನ್ನು ವಿವರಿಸಬೇಕಾಗಿಲ್ಲ. ವಿರಳ ಲೋಹದ ಕೆಲಸವನ್ನು ಸುಲಭವಾಗಿ ದೊರೆಯುವ ಧಾತುವಿನಿಂದ ಮಾಡಿಸಬಹುದೇ ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಲ್ಲಿ ಕನ್ನಡ ನಾಡಿನ ಪ್ರೊಫೆಸರ್ ಸಿ.ಎನ್.ಆರ್. ರಾವ್ ಒಬ್ಬರು. 1934ರಲ್ಲಿ ಬೆಂಗಳೂರಿನಲ್ಲಿ ಜನಿಸಿ, 1951ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಬಿ.ಎಸ್‌ಸಿ. ಪದವಿ ಪಡೆದ ಅವರಿಗೆ 2014ರಲ್ಲಿ ಭಾರತರತ್ನ ಸಂದಿತು. ಪ್ರಶಸ್ತಿಯನ್ನು ಎಲ್ಲರೂ ಬಲ್ಲರು. ಕೆಲಸವನ್ನು ಬಲ್ಲವರು ವಿರಳ. ಕಾನ್ಪುರದಲ್ಲಿದ್ದಾಗ ಅವರು ಲ್ಯಾಂಥನಂ ಕೋಬಾಲ್ಟ್ ಆಕ್ಸೈಡ್ ಎಂಬ ಸಂಯುಕ್ತದಲ್ಲಿ ಕೋಬಾಲ್ಟಿನ ಎಲೆಕ್ಟ್ರಾನುಗಳ ವರ್ತನೆಯನ್ನು ಪರಿಶೀಲಿಸಿ, 1972ರಲ್ಲಿ ಸಹೋದ್ಯೋಗಿಗಳೊಡನೆ ಪ್ರಬಂಧ ಪ್ರಕಟಿಸಿದರು. ಅಂದು ಅದರ ಉಪಯೋಗವೇನೆಂದು ಯಾರಾದರೂ ಕೇಳಿದ್ದರೆ ಉತ್ತರ ಹೇಳುವುದು ಕಷ್ಟವಿತ್ತು. ನಾಲ್ಕು ದಶಕಗಳ ಬಳಿಕ, 2013ರಲ್ಲಿ, ಎಂಬತ್ತರ ಅಂಚಿನಲ್ಲಿದ್ದ ಅವರು ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಕಿರಿಯರೊಡನೆ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಆಕ್ಸೈಡುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿದಾಗ, ನೀರಿನಿಂದ ಆಮ್ಲಜನಕ ಬಿಡಿಸುವಲ್ಲಿ ಮುಂದೆ ನಿಂತುದು ಅದೇ ಹಳೆಯ ಸಂಯುಕ್ತ. ಮ್ಯಾಂಗನೀಸಿನಲ್ಲಿಯೂ ಕೋಬಾಲ್ಟಿನಲ್ಲಿಯೂ ಧಾತುವು ತ್ರಿವೇಲೆನ್ಸಿಯ ಸ್ಥಿತಿಯಲ್ಲಿರುವುದು ಮುಖ್ಯವೆಂದು ಅವರು ತೋರಿಸಿದರು.

ಹಾಗೆಂದು ಕಾರ್ಯ ಪೂರ್ಣವಾಯಿತೆಂದು ಬಣ್ಣಿಸುವುದು ಸಲ್ಲದು. ಆ ಉತ್ತಮ ವಸ್ತುವಿನಲ್ಲಿಯೂ ಕೋಬಾಲ್ಟಿನ ಪರಮಾಣುವೊಂದಕ್ಕೆ ಒಂದು ಆಮ್ಲಜನಕದ ಅಣು ದೊರೆಯಲು ಸರಾಸರಿ ಸುಮಾರು 12 ನಿಮಿಷ ಬೇಕು. ಮೇಲಾಗಿ, ಇಂತಹ ಪರೀಕ್ಷೆಗಳಲ್ಲಿ ಬೆಳಕನ್ನು ಹೀರಲು ಬಳಸುವ ವರ್ಣದ್ರವ್ಯದಲ್ಲಿ ರುಥೇನಿಯಂ ಎಂಬ ವಿರಳ ಲೋಹವೇ ಇದೆ!

ಪಂಚನಹಳ್ಳಿಯಂತಹ ಬಯಲುಸೀಮೆಯ ಊರಿನ ಶಾಲೆಗೆ ಇದರಿಂದೇನು ಎಂದು ಕೇಳುವವರುಂಟು. ದಾನಿಗಳ ಔದಾರ್ಯ ಸಾಮಾನ್ಯವಾಗಿ ಹರಿಯುವುದು ಸಭಾಭವನಕ್ಕೆ, ಮಹಾದ್ವಾರಕ್ಕೆ, ಈಚೆಗೆ ಕಂಪ್ಯೂಟರುಗಳಿಗೆ. ಪ್ರಯೋಗಶಾಲೆಯ ಕಪಾಟಿಗೆ ಹೆಸರು ಕೆತ್ತಿಸುವ ಅವಕಾಶ ಕಡಮೆ. ಗುರುಗಳಾದರೂ ಪ್ರಯೋಗವನ್ನು ಕಪ್ಪುಹಲಗೆಯ ಮೇಲೆ ಬರೆದು ಮುಗಿಸುವುದುಂಟು. ಪಾಠ್ಯಕ್ರಮದ ಒತ್ತಡ ಅವರದು. ಆದರೆ ವೇಗವರ್ಧಕ ವ್ಯಯವಾಗುವುದಿಲ್ಲ ಎಂಬ ವಾಕ್ಯವನ್ನು ಕಂಠಪಾಠ ಮಾಡಿದ ಬಾಲಕಿಗೂ, ಪ್ರಯೋಗ ಮುಗಿದ ಮೇಲೆ ಪ್ರನಾಳದ ಶೇಷವನ್ನು ನೀರಿನಲ್ಲಿ ಕದಡಿ, ಶೋಧಿಸಿ, ಕಪ್ಪು ಪುಡಿಯನ್ನು ಒಣಗಿಸಿ ತೂಗಿ, ಹಾಕಿದಷ್ಟೇ ಉಳಿದಿದೆಯೇ ಎಂದು ನೋಡಿದ ಬಾಲಕಿಗೂ ಅಂತರವಿದೆ. ಅದಕ್ಕೆ ಬೇಕಾದುದು ಒಂದು ಒಳ್ಳೆಯ ತ್ರಾಸು, ಶೋಧಕ ಕಾಗದ, ಕೆಲವು ಪ್ರನಾಳಗಳು, ಎದುರಿಗೆ ನಿಂತು ನೋಡಿಕೊಳ್ಳುವ ಗುರುಗಳು ಮತ್ತು ವೇಳಾಪಟ್ಟಿಯಲ್ಲಿ ಒಂದರ ಹಿಂದೊಂದು ಎರಡು ಅವಧಿ.