ಬಹುಮಾನ ಯಾರಿಗೆ, ಬಸ್ಸು ಯಾರಿಗೆ

ತಾಲ್ಲೂಕು ಕೇಂದ್ರದ ಯಾವುದಾದರೂ ಪದವಿ ಕಾಲೇಜಿನ ವಾರ್ಷಿಕೋತ್ಸವಕ್ಕೆ ಹೋಗಿ ಪ್ರಾಂಶುಪಾಲರು ಓದುವ ವರದಿ ಕೇಳಿ. ವಿಶ್ವವಿದ್ಯಾಲಯದ ರ‍್ಯಾಂಕು, ಅಂತರ ಕಾಲೇಜು ಕೊಕ್ಕೊದಲ್ಲಿ ಎರಡನೇ ಸ್ಥಾನ, ಯುವಜನೋತ್ಸವದಲ್ಲಿ ಜನಪದ ಗೀತೆಗೆ ಬಹುಮಾನ, ಎನ್‌ಎಸ್‌ಎಸ್ ಶಿಬಿರದ ಶ್ರಮದಾನ. ಚಪ್ಪಾಳೆ ಬೀಳುತ್ತದೆ, ಬೀಳಲೇಬೇಕು. ಆದರೆ ಕಿವಿಗೊಟ್ಟು ಕೇಳಿದರೆ ಅವೇ ಐದಾರು ಹೆಸರು ತಿರುತಿರುಗಿ ಬರುವುದೂ ತಿಳಿಯುತ್ತದೆ. ಯಶವಂತನಗರದಂಥ ಊರಿನಿಂದ ಬೆಳಿಗ್ಗೆ ಬಳ್ಳಾರಿ ಜಿಲ್ಲೆಯ ಸಂಡೂರಿಗೆ ಬಂದು, ಪಾಠ ಮುಗಿದೊಡನೆ ಬಸ್ ನಿಲ್ದಾಣಕ್ಕೆ ಓಡುವ ಹುಡುಗ ಹುಡುಗಿಯರು ಆ ಪಟ್ಟಿ ಸೇರುವುದು ಸುಲಭವಲ್ಲ.

ಹಾಗಾದರೆ ಇಂಥ ಕಾಲೇಜು ಏನನ್ನು ಸಾಧನೆ ಎಂದು ಎಣಿಸಬೇಕು? ಸಂಡೂರು ಸೀಮೆಯಲ್ಲಿ ಇದಕ್ಕೆ ಎರಡು ಉತ್ತರಗಳಿವೆ. ಎರಡನ್ನೂ ಹೇಳುವವರು ಮಕ್ಕಳ ಹಿತವನ್ನೇ ಬಯಸುವವರು.

ಮೊದಲನೆಯದು ಹೆತ್ತವರ ಉತ್ತರ: ಕೆಲಸ ಸಿಕ್ಕರೆ ಅದೇ ಸಾಧನೆ, ಉಳಿದದ್ದು ಆಮೇಲೆ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವವರು ಸಾಮಾನ್ಯವಾಗಿ ಕೆಲಸ ಇರುವವರೇ. ಸಂಡೂರು ಮ್ಯಾಂಗನೀಸ್ ಕಂಪನಿ ಶುರುವಾದದ್ದು 1954ರಲ್ಲಿ, ದೋಣಿಮಲೈ ಕಬ್ಬಿಣದ ಗಣಿ 1977ರಲ್ಲಿ. ಆಮೇಲೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎದ್ದಿತು. ಕಣ್ಣೆದುರೇ ಇಷ್ಟು ದೊಡ್ಡ ಉದ್ಯಮ ನಡೆಯುತ್ತಿರುವಾಗ ಊರಿನ ಬಿ.ಎ. ಓದಿದವನು ಗೇಟಿನ ಹೊರಗೇ ನಿಂತರೆ ಆ ಓದಿನ ಬಗ್ಗೆ ಅನುಮಾನ ಹುಟ್ಟುವುದು ಸಹಜ. ಕಾಲೇಜು ನೆಲದ ಕಸುಬಿಗೆ ಹತ್ತಿರವಾಗಬಲ್ಲದು ಎಂಬುದಕ್ಕೆ ಇಲ್ಲೇ ಒಂದು ಮಾದರಿಯೂ ಇದೆ. ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಹಿಂದೆ ಗುಲ್ಬರ್ಗ ವಿಶ್ವವಿದ್ಯಾಲಯದ ಅಡಿಯಲ್ಲಿತ್ತು, 2010ರಲ್ಲಿ ಹುಟ್ಟಿದ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಆಮೇಲೆ ಸೇರಿತು. ಅಲ್ಲಿ ಖನಿಜ ಸಂಸ್ಕರಣೆಯೇ ಒಂದು ಸ್ನಾತಕೋತ್ತರ ವಿಷಯ. ಅದಿರಿನ ನಾಡಿನಲ್ಲಿ ಅದಿರಿನ ಶಾಸ್ತ್ರ ಕಲಿಸುವುದಕ್ಕೆ ಯಾರ ತಕರಾರು ಇರಲು ಸಾಧ್ಯ? ಇನ್ನು ಸಂವಿಧಾನದ 371ಜೆ ವಿಧಿ. ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ಅದು ಸ್ಥಳೀಯ ಸರ್ಕಾರಿ ಹುದ್ದೆಗಳಲ್ಲಿ ದೊಡ್ಡ ಪಾಲನ್ನು ಮೀಸಲಿಟ್ಟಿದೆ. ಆ ಬಾಗಿಲು ತೆರೆಯುವುದು ಅಂಕಪಟ್ಟಿ ಮತ್ತು ಸ್ಪರ್ಧಾತ್ಮಕ ಪರೀಕ್ಷೆ. ನಾಟಕದ ಪದಕವನ್ನು ಅಲ್ಲಿ ಯಾರೂ ಕೇಳುವುದಿಲ್ಲ.

ಈ ವಾದ ಎಡವುವುದು 2011ರ ನೆನಪಿನಲ್ಲಿ. ಆ ವರ್ಷದ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಕುರಿತ ಲೋಕಾಯುಕ್ತ ವರದಿ ಹೊರಬಿತ್ತು. ಅದೇ ತಿಂಗಳ ಕೊನೆಗೆ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಲಾರಿಗಳು ನಿಂತವು, ಅವನ್ನು ನಂಬಿದ್ದ ಗ್ಯಾರೇಜು, ಹೋಟೆಲು, ಸಾಲದ ಕಂತು ಎಲ್ಲಕ್ಕೂ ಅದರ ಪೆಟ್ಟು ಬಿತ್ತು. ಗಣಿಗಳು ಮತ್ತೆ ತೆರೆದದ್ದು ಹಂತಹಂತವಾಗಿ, ಹೊಸ ಷರತ್ತುಗಳೊಂದಿಗೆ. ಒಂದೇ ಉದ್ಯಮಕ್ಕೆ ಹೇಳಿ ಮಾಡಿಸಿದ ಹುಡುಗನ ಮುಂದಿನ ಬದುಕನ್ನು ಹೀಗೆ ಒಂದು ಆದೇಶ ತಡೆದು ನಿಲ್ಲಿಸಬಹುದು. ಮಾತಾಡಬಲ್ಲವನು, ನಾಲ್ಕು ಜನರನ್ನು ಕೂಡಿಸಿ ಕೆಲಸ ಮಾಡಿಸಬಲ್ಲವನು ಇನ್ನೊಂದು ದಾರಿ ಹುಡುಕಿಕೊಳ್ಳುವ ಸಾಧ್ಯತೆ ಹೆಚ್ಚು.

ಎರಡನೆಯ ಉತ್ತರದ ಬಲ ಇರುವುದು ಇಲ್ಲೇ: ಕಾಲೇಜು ಎಂದರೆ ಪಾಠದ ಆಚೆಗಿನ ಬದುಕು. ಎನ್‌ಎಸ್‌ಎಸ್ ಸ್ವಯಂಸೇವಕರು ಎರಡು ವರ್ಷದಲ್ಲಿ 240 ಗಂಟೆ ದುಡಿಯಬೇಕು, ಏಳು ದಿನದ ಹಳ್ಳಿಯ ಶಿಬಿರ ಬೇರೆ. ತಾಂಡಾದಿಂದ ಬಂದ ಹುಡುಗಿಯೊಬ್ಬಳು ಮೊದಲ ಸಲ ಮನೆಯವರಿಲ್ಲದೆ ಒಂದು ವಾರ ಹೊರಗೆ ಉಳಿಯುವುದು, ಅಡುಗೆಯ ಲೆಕ್ಕ ಬರೆಯುವುದು, ರಾತ್ರಿ ಶಿಬಿರದ ವೇದಿಕೆಯಲ್ಲಿ ಮೈಕು ಹಿಡಿಯುವುದು ಇಂಥಲ್ಲೇ. ಇದಕ್ಕೆ ಅಂಕ ಸಿಗದಿರಬಹುದು, ಬೆಲೆ ಇಲ್ಲವೆನ್ನಲಾಗದು. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ಬಂದಾಗ ನಮ್ಮ ಪದವಿ ಪಠ್ಯಕ್ರಮವು ಕ್ರೀಡೆ, ಯೋಗ, ಎನ್‌ಎಸ್‌ಎಸ್, ಎನ್‌ಸಿಸಿ, ಸಾಂಸ್ಕೃತಿಕ ಚಟುವಟಿಕೆಗಳಿಗೂ ಕ್ರೆಡಿಟ್ ಕೊಟ್ಟಿತು. ಆಟವೂ ಓದಿನ ಭಾಗ ಎಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು. 2024ರಲ್ಲಿ ರಾಜ್ಯ ನಾಲ್ಕು ವರ್ಷದ ಪದವಿ ಬಿಟ್ಟು ಮೂರು ವರ್ಷಕ್ಕೆ ಮರಳಿದ್ದು ಬೇರೆ ಕತೆ. ಆದರೆ ಕ್ರೆಡಿಟ್ ಎಂಬುದು ಎಲ್ಲರಿಗೂ ಹಂಚಲೇಬೇಕಾದ ವಸ್ತುವಾದರೆ ಆಡದವನಿಗೂ ಆಟದ ಅಂಕ ಬೀಳುತ್ತದೆ. ಆ ಅಪಾಯವನ್ನೂ ಈ ಪಕ್ಷದವರು ಒಪ್ಪಬೇಕು.

ಅದಕ್ಕಿಂತ ದೊಡ್ಡ ತೊಡಕು ಬೇರೆಯಿದೆ. ಸಂಜೆ ಐದರ ಮೇಲೆ ನಡೆಯುವ ಅಭ್ಯಾಸದ ಲಾಭ ಯಾರಿಗೆ? ಊರಲ್ಲೇ ಮನೆ ಇರುವವರಿಗೆ, ಹಾಸ್ಟೆಲ್ ಸೀಟು ಸಿಕ್ಕವರಿಗೆ. ಉಳಿದವರಿಗೆ ಕೊನೆಯ ಬಸ್ಸು ತಪ್ಪೀತೆಂಬ ಭಯ, ಮನೆಯಲ್ಲಿ ಕಾಯುವ ಎಮ್ಮೆ, ಇಲ್ಲವೇ ಅಂಗಡಿಯ ಅರ್ಧ ದಿನದ ಕೂಲಿ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹುಡುಗಿಯರ ಪಾಸಿನ ಖರ್ಚು ಉಳಿಸಿತು. ಕಾಲೇಜು ಬಿಡಿಸುವ ಮಾತು ಬಂದಾಗ ಒಂದು ನೆಪವಾದರೂ ಕಡಿಮೆಯಾಯಿತು. ಆದರೆ ಟಿಕೆಟ್ ಉಚಿತವಾದ ಮಾತ್ರಕ್ಕೆ ಸಂಜೆ ಏಳಕ್ಕೊಂದು ಬಸ್ಸು ಹುಟ್ಟಿಕೊಳ್ಳುವುದಿಲ್ಲ.

ಎರಡು ಉತ್ತರಗಳಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ಹೆತ್ತವರ ಕಡೆಗೆ ಒಂದು ಹೆಜ್ಜೆ ವಾಲುತ್ತೇನೆ. ಹೊಟ್ಟೆಯ ಪ್ರಶ್ನೆಗೆ ಕಾಲೇಜು ಬೆನ್ನು ತಿರುಗಿಸಬಾರದು. ಆದರೆ ಉದ್ಯೋಗವೆಂದರೆ ಗಣಿಯೊಂದೇ ಎಂಬ ಲೆಕ್ಕವನ್ನು ಒಪ್ಪಲಾರೆ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಹಂಪಿಗೆ ದೇಶ ವಿದೇಶದ ಜನ ಬರುತ್ತಾರೆ. ಇತಿಹಾಸ ಓದಿ ಚೆನ್ನಾಗಿ ಮಾತಾಡಬಲ್ಲ ಹುಡುಗನಿಗೆ ಅಲ್ಲಿ ಅನ್ನವಿದೆ, ಆ ಮಾತು ಅವನಿಗೆ ಬಂದದ್ದು ಚರ್ಚಾ ಸ್ಪರ್ಧೆಯಿಂದಲೇ ಇರಬಹುದು. ಎರಡು ಪಕ್ಷಗಳವರೂ ಇಲ್ಲಿ ಪರಸ್ಪರ ಕೈಕುಲುಕಬಹುದು.

ಹಣದ ಕೊರತೆ ಎಂಬ ಮಾತು ಗಣಿ ತಾಲ್ಲೂಕಿನಲ್ಲಿ ಅಷ್ಟಾಗಿ ನಿಲ್ಲದು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯನ್ನು ಗಣಿಬಾಧಿತ ಊರುಗಳಿಗೇ ಬಳಸಬೇಕು. ಅದರ ಆದ್ಯತೆಯ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಕೌಶಲ ತರಬೇತಿಯೂ ಇದೆ. ಇಂಥ ದುಡ್ಡು ಬಂದಾಗ ಮೊದಲು ಕಣ್ಣಿಗೆ ಬೀಳುವುದು ಕಟ್ಟಡ, ಫಲಕ, ಉದ್ಘಾಟನೆ. ಸಭಾಂಗಣ ಬೇಡವೆಂದಲ್ಲ. ಆದರೆ ಮೊದಲ ಖರ್ಚು ಯಶವಂತನಗರದ ಕಡೆಗೆ, ತಾಂಡಾಗಳ ಕಡೆಗೆ ಹೊರಡುವ ಒಂದು ಸಂಜೆ ಬಸ್ಸಿಗಾಗಲಿ, ಎರಡನೆಯದು ಹುಡುಗಿಯರ ಹಾಸ್ಟೆಲಿಗಾಗಲಿ. ಅಲ್ಲಿಯವರೆಗೆ ಕಾಲೇಜುಗಳು ವಾರಕ್ಕೆ ಎರಡು ದಿನವಾದರೂ ಕೊನೆಯ ಅವಧಿಯನ್ನು ಆಟಕ್ಕೂ ಚರ್ಚೆಗೂ ಹಾಡಿಗೂ ವೇಳಾಪಟ್ಟಿಯಲ್ಲೇ ಬಿಟ್ಟುಕೊಡಲಿ, ಬಸ್ಸು ಹೊರಡುವ ಮುಂಚೆ.